ಒಂದು ಕೈಪಿಡಿ, 71 ಸೆಟ್

ಮೂರು ವರ್ಷದ ಹಿಂದಿನ ಮಾತು. ಜಗಳೂರು ತಾಲ್ಲೂಕಿನ ನಮ್ಮ ಸೋದರಮಾವನ ತೋಟದಲ್ಲಿ ಬೋರ್‌ವೆಲ್ ಮೋಟಾರು ಸುಟ್ಟುಹೋಯಿತು. ಕಡುಬೇಸಿಗೆ. ದಾಳಿಂಬೆ ಗಿಡಗಳು ಹೂ ಬಿಟ್ಟು ನಿಂತಿದ್ದವು. 520 ಅಡಿ ಆಳದಿಂದ ಮೋಟಾರು ಮೇಲೆತ್ತಬೇಕು ಅಂದ್ರೆ 20 ಅಡಿಯ 26 ಪೈಪುಗಳನ್ನು ಒಂದೊಂದಾಗಿ ಬಿಚ್ಚಬೇಕು. ಬೆಳಿಗ್ಗೆ ಶುರುವಾದ ಕೆಲಸ ಹೊತ್ತು ಮುಳುಗುವವರೆಗೆ ನಡೆಯಿತು. ಮರುದಿನ ಮಾವ ಅದನ್ನು ಟೆಂಪೋದಲ್ಲಿ ಹಾಕಿಕೊಂಡು ದಾವಣಗೆರೆಗೆ ತಂದರು. ರಿವೈಂಡಿಂಗ್ ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ.

ಮಿಸ್ತ್ರಿ ಮೋಟಾರು ಬಿಚ್ಚಿದರು. ಒಳಗಿನ ತಾಮ್ರದ ತಂತಿ ಪೂರ್ತಿ ಕರಕಲು. ಅವರು ತಲೆ ಎತ್ತಿ ಒಂದೇ ಪ್ರಶ್ನೆ ಕೇಳಿದರು.

"ರಿಲೇ ಎಷ್ಟಕ್ಕೆ ಇಟ್ಟಿದ್ರಿ?"

ಮಾವ ಜೇಬಿನಿಂದ ಒಂದು ಮಡಚಿದ ಹಾಳೆ ತೆಗೆದರು. ಮೋಟಾರು ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆಯ ಜೊತೆ ಬಂದಿದ್ದ ಸೂಚನೆಯ ಹಾಳೆ. "ನಾನ್ಯಾಕೆ ಇಡ್ಲಿ? ಮೊದ್ಲೇ ಸೆಟ್ ಐತಿ ಅಂತ ಇದ್ರಾಗೇ ಬರ್ದೈತಲ್ಲ" ಅಂದರು.

ಹಾಳೆಯ ಕನ್ನಡದ ಬದಿಯಲ್ಲಿ "ಓವರ್‌ಲೋಡ್ ರಿಲೇ ಸೆಟ್ ಇರುತ್ತದೆ" ಎಂದಿತ್ತು. ಹಿಂದಿನ ಬದಿ ತಿರುಗಿಸಿ ಇಂಗ್ಲಿಷ್ ಓದಿದೆ. "ಓವರ್‌ಲೋಡ್ ರಿಲೇ ಟು ಬಿ ಸೆಟ್ ಅಟ್ ಸೈಟ್." ಅಂದರೆ, ಮೋಟಾರು ಹಾಕುವ ಜಾಗದಲ್ಲಿ ನೀವೇ ಅದನ್ನು ಹೊಂದಿಸಬೇಕು ಅಂತ. ಕನ್ನಡದಲ್ಲಿ ಅರ್ಥ ಪೂರಾ ಉಲ್ಟಾ ಆಗಿತ್ತು. ಮಾವ ಓದಿದ್ದು ಸರಿಯಾಗೇ ಓದಿದ್ದರು. ಬರೆದವರು ತಪ್ಪು ಬರೆದಿದ್ದರು.

ರಿಲೇ ಅಂದ್ರೆ ಮೋಟಾರಿನ ಕಾವಲುಗಾರ. ವೋಲ್ಟೇಜ್ ಇಳಿದಾಗ ಮೋಟಾರು ಜಾಸ್ತಿ ಕರೆಂಟು ಎಳೆಯುತ್ತದೆ. ತಂತಿ ಬಿಸಿಯಾಗುತ್ತದೆ. ನಾವು ಹೇಳಿದ ಆಂಪಿಯರ್‌ಗಿಂತ ಜಾಸ್ತಿ ಹರಿದರೆ ರಿಲೇ ತಾನಾಗಿ ಕರೆಂಟು ಕಡಿಯುತ್ತದೆ. ಆದರೆ ಎಷ್ಟಕ್ಕೆ ಕಡಿಯಬೇಕು ಅಂತ ಅದಕ್ಕೆ ಯಾರಾದರೂ ಹೇಳಿರಬೇಕು. ಮಾವನ ರಿಲೇ ಕಾರ್ಖಾನೆಯಿಂದ ಬಂದಾಗ ಇದ್ದ ಹಾಗೆ ತುತ್ತತುದಿಯ ಅಂಕಿಯಲ್ಲೇ ಇತ್ತು. ಕಾವಲುಗಾರ ಇದ್ದ, ಯಾವಾಗ ಕೂಗಬೇಕು ಅಂತ ಅವನಿಗೆ ಗೊತ್ತಿರಲಿಲ್ಲ.

ಆ ವರ್ಷ ದಾಳಿಂಬೆ ಕೈಗೆ ಬರಲಿಲ್ಲ. ಆ ಹಾಳೆಯನ್ನು ಮಾವನ ಹತ್ತಿರ ಕೇಳಿ ಇಟ್ಟುಕೊಂಡೆ.

ದಾವಣಗೆರೆಯಲ್ಲಿ ನನ್ನದು ಒಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಪ್ರಶ್ನೆಪತ್ರಿಕೆ ಮಾಡುತ್ತೇನೆ. ಬಂದರೆ ಅನುವಾದವೂ ಉಂಟು. ಅಪ್ಪ ಇದೇ ಊರಿನ ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದರು. ಸೀಸದ ಮೊಳೆ ಜೋಡಿಸಿ ಜೋಡಿಸಿ ಅವರ ಬೆರಳ ತುದಿ ಸದಾ ಕಪ್ಪಗಿರುತ್ತಿತ್ತು. ಕಳೆದ ವರ್ಷ ಒಬ್ಬ ಡೀಲರ್ ಬಂದು, ಬೇರೆ ಒಂದು ಕಂಪನಿಯ ಸ್ಟಾರ್ಟರ್ ಪೆಟ್ಟಿಗೆಯ ಕೈಪಿಡಿ ಕನ್ನಡಕ್ಕೆ ಆಗಬೇಕು ಅಂದರು. 48 ಪುಟ. ಸ್ಟಾರ್ಟರ್ ಜೊತೆಗೆ ಪಂಪು ಇಳಿಸುವುದು, ಟೈಮರ್, ಹನಿ ನೀರಾವರಿ, ಎಲ್ಲ ಸೇರಿತ್ತು. ಎಷ್ಟು ದುಡ್ಡು ಅಂತಲೂ ಕೇಳದೆ ಒಪ್ಪಿಕೊಂಡೆ. ಮಾವನ ಹಾಳೆ ನನ್ನ ಮೇಜಿನ ಖಾನೆಯಲ್ಲೇ ಇತ್ತಲ್ವಾ.

ಮೊದಲ ದಿನ ಕಂಪ್ಯೂಟರಿನಲ್ಲಿ ಸೆಟ್ ಎಂಬ ಪದ ಹುಡುಕಿದೆ. 71 ಸಲ ಸಿಕ್ಕಿತು. ಒಂದೊಂದನ್ನೂ ಒಂದೊಂದು ಚೀಟಿಯಲ್ಲಿ, ಅದರ ಪೂರ್ತಿ ವಾಕ್ಯದ ಸಮೇತ ಬರೆದುಕೊಂಡೆ. ಲಗ್ನಪತ್ರಿಕೆ ಕತ್ತರಿಸಿ ಉಳಿದ ದಪ್ಪ ಕಾಗದದ ತುಂಡುಗಳು ಈ ಕೆಲಸಕ್ಕೆ ಚೆನ್ನಾಗಿ ಒದಗಿದವು.

ಸೆಟ್ ನಮಗೆ ಹೊಸ ಪದವೇನಲ್ಲ. ಬೆಣ್ಣೆ ದೋಸೆಯ ಊರಿನಲ್ಲೂ ಸೆಟ್ ದೋಸೆ ಕೇಳುವವರಿದ್ದಾರೆ. ಅಜ್ಜಿಗೆ ಹಲ್ಲು ಸೆಟ್ ಕಟ್ಟಿಸುತ್ತೇವೆ. ಹೊಲದಲ್ಲಿ ಪಂಪ್‌ಸೆಟ್, ಮದುವೆಗೆ ಓಲೆ-ಸರದ ಸೆಟ್, ವಾಲಿಬಾಲ್ ಆಟದಲ್ಲಿ ಮೂರನೇ ಸೆಟ್. ಅವರಿಬ್ಬರಿಗೂ ಸೆಟ್ಟಾಗಲ್ಲ ಅಂತೀವಿ. ಹೊಸ ಮೊಬೈಲು ಕೊಂಡರೆ ಮಗಳ ಕೈಗೆ ಕೊಟ್ಟು ಸೆಟ್ ಮಾಡಿಕೊಡು ಅಂತೀವಿ. ಮಾತಿನಲ್ಲಿ ಯಾರಿಗೂ ತೊಡಕಿಲ್ಲ. ಎದುರಿಗೆ ವಸ್ತು ಇರುತ್ತದೆ, ಕೈ ಇರುತ್ತದೆ, ಮುಖ ಇರುತ್ತದೆ. ಪುಸ್ತಕ ಓದುವವನ ಎದುರಿಗೆ ಅಕ್ಷರ ಮಾತ್ರ ಇರುತ್ತದೆ. ಅಲ್ಲಿ ಸೆಟ್ ಅಂತ ಬರೆದು ಸುಮ್ನೆ ಬಿಟ್ಟರೆ ಏನಾಗುತ್ತದೆ ಅಂತ ನಾನು ಆಗಲೇ ನೋಡಿದ್ದೆ.

ಅಪ್ಪನ ಕಾಲದ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ತೆಗೆದೆ. ಅರ್ಥಗಳು ಮುಗಿಯುವ ಹಾಗೇ ಕಾಣಲಿಲ್ಲ. ಇಂಗ್ಲಿಷಿನವರಿಗೇ ಇದು ದೊಡ್ಡ ಪದವಂತೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾಗ ಹಿಡಿದ ಪದ ಇದೇ. ಸೆಟ್ ಎಂಬ ಕ್ರಿಯಾಪದ ಒಂದಕ್ಕೇ 430 ಅರ್ಥ, ಅದರ ವಿವರಣೆಗೆ ಸುಮಾರು 60,000 ಪದ. ನನ್ನ ಕೈಲಿದ್ದ ಇಡೀ ಕೈಪಿಡಿಗಿಂತ ಎಷ್ಟೋ ಪಟ್ಟು ದೊಡ್ಡದು. ಆಮೇಲೆ ನಿಘಂಟನ್ನು ಪರಿಷ್ಕರಿಸುವಾಗ ರನ್ ಎಂಬ ಪದ 645 ಅರ್ಥಗಳೊಂದಿಗೆ ಮುಂದೆ ಹೋಯಿತು. ಇನ್ನೊಂದು ವಿಷಯ ಗೊತ್ತಾಗಿ ಖುಷಿಯಾಯಿತು. ವಿಲಿಯಂ ರೀವ್ ಎಂಬ ಪಾದ್ರಿ 1824ರಷ್ಟು ಹಿಂದೆಯೇ ಇಂಗ್ಲಿಷ್-ಕನ್ನಡ ನಿಘಂಟು ತಂದಿದ್ದರು. ಅವರು ಇದ್ದದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಇನ್ನೂರು ವರ್ಷದ ಹಿಂದೆ, ಇಷ್ಟೇ ಹತ್ತಿರದಲ್ಲಿ ಕೂತು, ಅವರೂ ಈ ಪದದ ಎದುರು ಪೆನ್ನು ಹಿಡಿದು ಯೋಚಿಸಿರಬೇಕು.

ಮೊದಲ ಕರಡಿನಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಸಾಧ್ಯವಾದ ಕಡೆಯೆಲ್ಲ "ಹೊಂದಿಸಿ" ಅಂತ ಹಾಕಿದೆ. ಗುಂಪಿನ ಅರ್ಥ ಇರುವ ಕಡೆ "ಸಮೂಹ" ಅಂತ ಬರೆದೆ. ಹೈಸ್ಕೂಲು ಗಣಿತದಲ್ಲಿ ಸೆಟ್ ಅಂದರೆ ಗಣ. ಆ ಪ್ರಶ್ನೆಪತ್ರಿಕೆಗಳನ್ನು ಟೈಪು ಮಾಡಿ ಮಾಡಿ ಒಂದು ಕಡೆ ಕೈ ತಾನಾಗಿ ಅದನ್ನೇ ಹೊಡೆದಿತ್ತು. ನೋಡಲು ಪುಟ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಭಾನುವಾರ ಅದನ್ನು ಹಿಡಿದುಕೊಂಡು ಮಾವನ ತೋಟಕ್ಕೆ ಹೋದೆ. ಪಂಪುಮನೆಯ ಕಟ್ಟೆ ಮೇಲೆ ಕೂತು ಅವರು ಜೋರಾಗಿ ಓದಿದರು. ಮಾವ ಏಳನೇ ಕ್ಲಾಸಿನವರೆಗೆ ಓದಿದವರು, ಪೇಪರನ್ನು ದಿನಾ ಓದುತ್ತಾರೆ.

"ಪಂಪನ್ನು 150 ಮೀಟರ್ ಆಳದಲ್ಲಿ ಹೊಂದಿಸಿ." ಅವರು ನಿಲ್ಲಿಸಿದರು. "ಆಳದಾಗೆ ಯಾರು ಇಳ್ದು ಹೊಂದಿಸ್ತಾರವ್ವ? ಪಂಪು ಇಳಿಸೋದಲ್ವಾ?"

ಹೌದಲ್ಲ. ಬೋರಿಗೆ ಮೋಟಾರು ಇಳಿಸುತ್ತೇವೆ. "ಎಷ್ಟು ಅಡಿಗೆ ಇಳಿಸಿದ್ರಿ?" ಅಂತಲೇ ಎಲ್ಲರೂ ಕೇಳುವುದು. ಇಂಗ್ಲಿಷಿನ ಪಂಪ್ ಸೆಟ್ಟಿಂಗ್ ಡೆಪ್ತ್ ಅಂದರೆ ಪಂಪು ಇಳಿಸಿದ ಆಳ, ಅಷ್ಟೇ.

ಮುಂದೆ ಹನಿ ನೀರಾವರಿಯ ಪುಟ. "ಹಣ್ಣಿನ ಹೊಂದಿಕೆಯ ನಂತರ ನೀರಿನ ಪ್ರಮಾಣ ಹೆಚ್ಚಿಸಿ." ಇದು ಅವರಿಗೆ ಏನೂ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಫ್ರೂಟ್ ಸೆಟ್ ಎಂದಿದೆ ಅಂದೆ. ಹೂ ಉದುರಿ ಅದರ ಬುಡದಲ್ಲಿ ಚಿಕ್ಕ ಕಾಯಿ ನಿಲ್ಲುತ್ತದಲ್ಲ, ಅದು ಅಂತ ಬಿಡಿಸಿ ಹೇಳಿದೆ. ಮಾವ ಎದ್ದು ಒಂದು ಗಿಡದ ಹತ್ತಿರ ಕರೆದುಕೊಂಡು ಹೋದರು. ರೆಂಬೆ ಬಾಗಿಸಿ ತೋರಿಸಿದರು. ಬಟಾಣಿಗಿಂತ ಸ್ವಲ್ಪ ದಪ್ಪ, ಕೆಂಪು ಹೀಚು.

"ಇದಾ? ಇದು ಕಾಯಿ ಕಚ್ಚೋದು" ಅಂದರು.

ಕಾಯಿ ಕಚ್ಚಿದ ಮೇಲೆ ನೀರು ಜಾಸ್ತಿ ಮಾಡಿ. ಇದಕ್ಕಿಂತ ಒಳ್ಳೆಯ ವಾಕ್ಯ ಯಾವ ನಿಘಂಟಿನಿಂದ ಬರುತ್ತಿತ್ತು? ಆ ಪದ ನನಗೂ ಗೊತ್ತಿತ್ತು. ಅಜ್ಜಿಯ ಮನೆಯಲ್ಲಿ ನೂರು ಸಲ ಕೇಳಿದ್ದೆ. ಇಂಗ್ಲಿಷ್ ಪುಟ ಎದುರಿಗಿದ್ದಾಗ ಮಾತ್ರ ಅದು ನೆನಪಿಗೆ ಬಂದಿರಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಬರುವಾಗ ಕರಡನ್ನು ಪೂರ್ತಿ ಬಿಟ್ಟುಬಿಡುವುದು ಅಂತ ತೀರ್ಮಾನ ಮಾಡಿದೆ. 71 ಚೀಟಿಗಳನ್ನೂ ಮತ್ತೆ ಮೊದಲಿನಿಂದ ನೋಡಬೇಕು. ಒಂದೊಂದು ಚೀಟಿಗೂ, ಆ ಕೆಲಸವನ್ನು ಕೈಯಾರೆ ಮಾಡುವವರನ್ನು ಕೇಳಬೇಕು.

ಹೊರಡುವ ಮುಂಚೆ ಪದದ ಬೇರು ಸ್ವಲ್ಪ ಕೆದಕಿ ನೋಡಿದೆ. ಇದು ನನಗೆ ತುಂಬಾ ಸಹಾಯ ಮಾಡಿತು. ಇಂಗ್ಲಿಷಿನ ಸಿಟ್ ಅಂದರೆ ಕೂರು. ಸೆಟ್ ಎಂಬ ಕ್ರಿಯಾಪದ ಅದೇ ಬೇರಿನದು. ಹಳೆಯ ಇಂಗ್ಲಿಷಿನಲ್ಲಿ ಸೆಟ್ಟನ್ ಅಂತ ಇತ್ತು, ಅದರ ಅರ್ಥ ಕೂರುವಂತೆ ಮಾಡು. ಅಂದರೆ ಕೂರಿಸು! ನಾವು ಮಾಡು-ಮಾಡಿಸು, ಬೀಳು-ಬೀಳಿಸು, ಏಳು-ಎಬ್ಬಿಸು ಅನ್ನುವ ಹಾಗೇ ಒಂದು ಕಾಲದಲ್ಲಿ ಅವರೂ ಜೋಡಿ ಪದ ಮಾಡುತ್ತಿದ್ದರು. ಫಾಲ್ ಅಂದರೆ ಬೀಳು, ಮರವನ್ನು ಫೆಲ್ ಮಾಡುವುದು ಅಂದರೆ ಬೀಳಿಸುವುದು. ಅವರಲ್ಲಿ ಆ ಪದ್ಧತಿ ಹೆಚ್ಚುಕಮ್ಮಿ ಸತ್ತುಹೋಗಿದೆ, ಕೆಲವು ಪದ ಮಾತ್ರ ಉಳಿದಿವೆ. ನಮ್ಮಲ್ಲಿ ಇವತ್ತಿಗೂ ಜೀವಂತವಾಗಿದೆ. ಚಿಕ್ಕ ಮಗು ಕೂಡ ಊಟ ಮಾಡಿಸು ಅನ್ನುತ್ತದೆ.

ಗುಂಪು ಎಂಬ ಅರ್ಥದ ಸೆಟ್ ಕಥೆ ಬೇರೆ. ಅದು ಬಹುಮಟ್ಟಿಗೆ ಹಳೆಯ ಫ್ರೆಂಚ್ ಭಾಷೆಯಿಂದ ಬಂದದ್ದು. ಅದರ ಹಿಂದೆ ಲ್ಯಾಟಿನ್ ಭಾಷೆಯ ಸೆಕ್ಟಾ ಎಂಬ ಪದ ಇದೆ, ಒಬ್ಬರ ಹಿಂದೆ ನಡೆಯುವವರ ಬಳಗ ಅಂತ ಅರ್ಥ. ಪಂಥಕ್ಕೆ ಇಂಗ್ಲಿಷಿನಲ್ಲಿ ಹೇಳುವ ಸೆಕ್ಟ್ ಕೂಡ ಅಲ್ಲಿಂದಲೇ ಬಂತು. ಎರಡು ಬೇರೆ ಬೇರೆ ಪದಗಳು ಸವೆದು ಸವೆದು ಒಂದೇ ರೂಪಕ್ಕೆ ಬಂದು, ಒಂದಕ್ಕೊಂದು ಬೆರೆತುಹೋದವು. ಹೀಗಾಗಿ ಪಂಪ್‌ಸೆಟ್ಟಿನಲ್ಲಿರುವ ಸೆಟ್ಟೂ ಪಂಪನ್ನು ಸೆಟ್ ಮಾಡುವ ಸೆಟ್ಟೂ ಹುಟ್ಟಿನಿಂದ ಅಣ್ಣತಮ್ಮಂದಿರಲ್ಲ. ನಮ್ಮ ಕಡೆ ಗಣಪತಿ ಕೂಡಿಸೋದು ಅಂತಾರೆ. ಲೆಕ್ಕದಲ್ಲಿ ಕೂಡಿಸೋದು ಅಂದರೆ ಒಟ್ಟು ಸೇರಿಸೋದು. ಇಂಗ್ಲಿಷಿನ ಎರಡು ಸೆಟ್ಟುಗಳೂ ನಮ್ಮ ಕೂಡಿಸು ಎಂಬ ಒಂದೇ ಮಾತಿನಲ್ಲಿ ಎದುರುಬದುರಾದವು. ಇದನ್ನು ಕಂಡಾಗ ರಾತ್ರಿ ಹನ್ನೊಂದು ದಾಟಿತ್ತು. ಹೇಳೋಣ ಅಂದ್ರೆ ಮನೆಯಲ್ಲಿ ಎಲ್ಲರೂ ಮಲಗಿದ್ದರು.

ಕೂರಿಸು ಎಂಬ ಬೀಗದಕೈ ಸಿಕ್ಕ ಮೇಲೆ ಅರ್ಧ ಚೀಟಿಗಳು ತಾವಾಗಿ ಬಿಚ್ಚಿಕೊಂಡವು. ಮಂಡಿಪೇಟೆ ಕಡೆಯ ಒಬ್ಬ ಅಕ್ಕಸಾಲಿಗರು ಅಪ್ಪನ ಸ್ನೇಹಿತರು. ಉಂಗುರಕ್ಕೆ ಕಲ್ಲು ಸೆಟ್ ಮಾಡುವುದಕ್ಕೆ ಏನಂತೀರಿ ಅಂದೆ. "ಹರಳು ಕೂರಿಸೋದು" ಅಂದರು, ಕೆಲಸದಿಂದ ಕಣ್ಣೆತ್ತದೆ. ಮೂಳೆ ಮುರಿದರೆ ಡಾಕ್ಟರು ಮೂಳೆ ಕೂರಿಸುತ್ತಾರೆ. ಬಡಗಿ ಚೌಕಟ್ಟು ಕೂರಿಸುತ್ತಾನೆ. ಕೈಪಿಡಿಯಲ್ಲಿದ್ದ ಬೇರಿಂಗ್, ಗ್ಯಾಸ್ಕೆಟ್, ಫ್ಯೂಸುಗಳೂ ಕೂತುಕೊಂಡವು. ಕೂರಿಸುವುದು ಅಂದಾಗ ಅಲ್ಲಾಡದ ಹಾಗೆ, ಅದರದೇ ಜಾಗದಲ್ಲಿ, ಸರಿಯಾಗಿ ಎಂಬುದೆಲ್ಲ ಅದರೊಳಗೇ ಬಂತು. "ಹೊಂದಿಸಿ" ಎಂಬ ಮಾತಿನಲ್ಲಿ ಆ ಬಿಗಿ ಇರಲಿಲ್ಲ.

ಇಲ್ಲಿ ಸಣ್ಣ ತಕರಾರು ಬಂತು. ಮೈಸೂರು ಕಡೆ ಕೂರಿಸು. ನಮ್ಮಲ್ಲಿ ಕುಂದ್ರಿಸು. ಹರಿಹರ ದಾಟಿ ಹೋದರೆ ಕೂಡ್ರಿಸು ಅನ್ನುವವರೂ ಸಿಗುತ್ತಾರೆ. ಕೈಪಿಡಿ ಇಡೀ ರಾಜ್ಯಕ್ಕೆ ಹೋಗಬೇಕಿತ್ತು. ಮನಸ್ಸು ಕುಂದ್ರಿಸು ಅಂತಿತ್ತು. ಕೊನೆಗೆ ಕೂರಿಸು ಅಂತಲೇ ಬರೆದೆ, ಎಲ್ಲರೂ ಓದಿ ಬಲ್ಲ ರೂಪ ಅದು.

ಮುಂದಿನ ಚೀಟಿ ಸಿಮೆಂಟಿನದು. ಮೇಲೆ ಇಡುವ ಪಂಪಿಗೆ ಕಾಂಕ್ರೀಟ್ ಕಟ್ಟೆ ಬೇಕು. ಕಾಂಕ್ರೀಟ್ ಸೆಟ್ ಆದ ಮೇಲೂ ಕೂಡಲೇ ಬೋಲ್ಟು ಬಿಗಿಯಬೇಡಿ, ಗಟ್ಟಿಯಾಗುವವರೆಗೆ ಕಾಯಿರಿ ಎಂದು ಬರೆದಿತ್ತು. ಎರಡೂ ಒಂದೇ ಅಲ್ವಾ ಅಂದುಕೊಂಡು "ಗಟ್ಟಿಯಾದ ಮೇಲೆ ಬಿಗಿಯಿರಿ" ಅಂತ ಮುಗಿಸಿದ್ದೆ. ನಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿ ತಲೆ ಅಲ್ಲಾಡಿಸಿದರು.

"ಹಿಡಿಯೋದು ಬೇರೆ, ಗಟ್ಟಿಯಾಗೋದು ಬೇರೆ ಅಕ್ಕ. ಸಂಜೆಗೆ ಹಿಡಿದುಬಿಡ್ತದೆ. ಕಾಲಿಟ್ರೆ ಗುರುತು ಬೀಳಲ್ಲ. ಅದಕ್ಕೇ ಗಟ್ಟಿಯಾಯ್ತು ಅಂತ ಭಾರ ಹಾಕಿದ್ರೆ ಬಿರುಕು ಬಿಡ್ತದೆ."

ಎಂಜಿನಿಯರಿಂಗ್ ಪುಸ್ತಕದಲ್ಲಿರುವ ಮಾತೂ ಅದೇ. ಸೆಟ್ಟಿಂಗ್ ಒಂದು ಹಂತ, ಹಾರ್ಡನಿಂಗ್ ಇನ್ನೊಂದು. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕಿಂತ ಮೊದಲೇ ಹಿಡಿಯಲು ಶುರುಮಾಡಬಾರದು. 600 ನಿಮಿಷದೊಳಗೆ ಹಿಡಿದು ಮುಗಿಯಬೇಕು. ಬಲ ಬರುವುದಕ್ಕೆ ಹಾಕುವ ಲೆಕ್ಕ 28 ದಿನ. ಇಷ್ಟು ದೊಡ್ಡ ವ್ಯತ್ಯಾಸವನ್ನು ಮೇಸ್ತ್ರಿ ಎರಡು ಕನ್ನಡ ಪದಗಳಲ್ಲಿ ಇಟ್ಟುಕೊಂಡಿದ್ದರು. ಹಿಡಿಯುವುದು, ಗಟ್ಟಿಯಾಗುವುದು. ನಾನು ಅವೆರಡನ್ನೂ ಕಲಸಿಬಿಟ್ಟಿದ್ದೆ. ಹಾಗೇ ಅಚ್ಚಾಗಿದ್ದರೆ ಯಾರದೋ ಪಂಪಿನ ಕಟ್ಟೆ ಒಡೆಯುತ್ತಿತ್ತು.

ಆಮೇಲೆ ಬಂದ ಹತ್ತಾರು ಚೀಟಿಗಳು ಬೇಗ ಮುಗಿದವು. ಕೀಲುಗಳಲ್ಲಿ ರಸ್ಟ್ ಸೆಟ್ಸ್ ಇನ್ ಅಂದರೆ ತುಕ್ಕು ಹಿಡಿಯುತ್ತದೆ. ಸನ್‌ಸೆಟ್ ಅಂದರೆ ಹೊತ್ತು ಮುಳುಗುವುದು. ಸೆಟ್ ಅಸೈಡ್ ಅಂದರೆ ಎತ್ತಿಡಿ. ಅಲಾರಂ ಸೆಟ್ ಆಫ್ ಆಗುತ್ತದೆ ಅಂದರೆ ಕೂಗಿಕೊಳ್ಳುತ್ತದೆ. ಮೂರು ಕೇಬಲ್ಲಿನ ಸೆಟ್ಟಿಗೆ ಜೊತೆ ಅಂತ ಬರೆದು, ಆಮೇಲೆ ಜೊತೆ ಅಂದರೆ ಎರಡೇ ಅನ್ನಿಸಬಹುದು ಅಂತ "ಮೂರೂ ಕೇಬಲ್ಲು" ಎಂದು ತಿದ್ದಿದೆ. ಪಂಪ್‌ಸೆಟ್ಟನ್ನು ಮುಟ್ಟಲಿಲ್ಲ. ಅದು ಎಂದೋ ಕನ್ನಡವಾಗಿದೆ. ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ಸೆಟ್ ಎಂದು ಅಚ್ಚಾಗಿರುವ ಗುಂಡಿ ಇದೆ. ಅಲ್ಲಿಯೂ ಅದು ಹಾಗೇ ಇರಬೇಕು. ರೈತ ಪುಸ್ತಕದ ಅಕ್ಷರವನ್ನೂ ಗುಂಡಿಯ ಅಕ್ಷರವನ್ನೂ ಹೋಲಿಸಿ ನೋಡಿ ಒತ್ತಬೇಕಲ್ಲ. ಆ ಗುಂಡಿಯ ಚಿತ್ರವನ್ನೇ ವಾಕ್ಯದ ನಡುವೆ ಹಾಕಿದೆ.

ಕೊನೆಗೆ ಉಳಿದದ್ದು ರಿಲೇ. ಬೇಕೆಂದೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಈ ಕೈಪಿಡಿಯಲ್ಲಿ ಅದು ಒಂದು ಪಟ್ಟಿಯೊಳಗೆ ಹೀಗಿತ್ತು. "ಓವರ್‌ಲೋಡ್ ರಿಲೇ ಸೆಟ್ ಅಟ್ 58 ಪರ್ಸೆಂಟ್ ಆಫ್ ಫುಲ್ ಲೋಡ್ ಕರೆಂಟ್." ಫುಲ್ ಲೋಡ್ ಕರೆಂಟ್ ಅಂದರೆ ಮೋಟಾರು ಪೂರ್ತಿ ಹೊರೆ ಹೊತ್ತಾಗ ಎಳೆಯುವ ಕರೆಂಟು. ಎಷ್ಟು ಸಲ ಓದಿದರೂ ಇದು ಆಜ್ಞೆಯೋ ಸುದ್ದಿಯೋ ತಿಳಿಯಲಿಲ್ಲ. ಸೆಟ್ ಎಂಬ ಪದದ ನಿಜವಾದ ತೊಂದರೆ ಇಲ್ಲಿದೆ. ಅದಕ್ಕೆ ಕಾಲ ಇಲ್ಲ. ಇಂದು ಮಾಡಿದರೂ ಸೆಟ್, ನಿನ್ನೆ ಮಾಡಿದ್ದರೂ ಸೆಟ್, ಮಾಡಿಟ್ಟಿದ್ದರೂ ಸೆಟ್. ಸ್ಕೂಲಿನಲ್ಲಿ ಗೋ-ವೆಂಟ್-ಗಾನ್ ಬಾಯಿಪಾಠ ಮಾಡುವಾಗ ಕಟ್-ಕಟ್-ಕಟ್, ಪುಟ್-ಪುಟ್-ಪುಟ್, ಸೆಟ್-ಸೆಟ್-ಸೆಟ್ ಬಂದರೆ ನಮಗೆಲ್ಲ ಖುಷಿ. ನೆನಪಿಡಲು ಸುಲಭ. ಅದೇ ಸುಲಭದಿಂದ ಒಂದು ಮೋಟಾರು ಸುಟ್ಟಿತ್ತು. ಕನ್ನಡದಲ್ಲಿ ಇದು ಆಗುವುದಿಲ್ಲ. ಇಡಿ, ಇಟ್ಟಿದೆ, ಇಟ್ಟಿರುತ್ತಾರೆ. ಕ್ರಿಯಾಪದದ ಬಾಲ ನೋಡಿದರೆ ಯಾರು, ಯಾವಾಗ ಎಂಬುದು ಗೊತ್ತಾಗುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿ ಗೊತ್ತಿಲ್ಲದೆ ಬಿಟ್ಟದ್ದನ್ನು ಕನ್ನಡದಲ್ಲಿ ಬಿಡಲು ಬರುವುದಿಲ್ಲ. ತಿಳಿದುಕೊಂಡೇ ಬರೆಯಬೇಕು.

ಕಂಪನಿಯ ಎಂಜಿನಿಯರಿಗೆ ಫೋನು ಮಾಡಿದೆ. ಹೊರರಾಜ್ಯದವರು, ತಾಳ್ಮೆಯ ಮನುಷ್ಯ. ಕಾರ್ಖಾನೆಯಲ್ಲಿ ಇಟ್ಟು ಕಳಿಸುತ್ತೀರೋ, ರೈತ ಇಡಬೇಕೋ ಅಂತ ಕೇಳಿದೆ. ಒಂದೊಂದು ಮೋಟಾರು ಒಂದೊಂದು ಥರ ಇರುವಾಗ ನಾವು ಹೇಗೆ ಇಡಲಿ, ಹಾಕುವವರೇ ಇಡಬೇಕು ಅಂದರು. 58 ಯಾಕೆ ಅಂತಲೂ ಕೇಳಿದೆ. ಇದು ಸ್ಟಾರ್-ಡೆಲ್ಟಾ ಸ್ಟಾರ್ಟರ್, ಮೋಟಾರನ್ನು ಮೊದಲು ಕಡಿಮೆ ವೋಲ್ಟೇಜಿನಲ್ಲಿ ಚಾಲೂ ಮಾಡಿ ಆಮೇಲೆ ಪೂರ್ತಿ ವೋಲ್ಟೇಜಿಗೆ ತರುವಂಥದ್ದು. ಅದರಲ್ಲಿ ಈ ರಿಲೇ ಇರುವ ಜಾಗದಲ್ಲಿ ಪೂರ್ತಿ ಕರೆಂಟು ಹರಿಯುವುದಿಲ್ಲ. ಅದನ್ನು 3ರ ವರ್ಗಮೂಲದಿಂದ ಭಾಗಿಸಿದಷ್ಟು ಮಾತ್ರ ಹರಿಯುತ್ತದೆ. ಅದು 100ಕ್ಕೆ ಸುಮಾರು 58. ಮೋಟಾರಿನ ಪ್ಲೇಟಿನಲ್ಲಿ 15 ಆಂಪಿಯರ್ ಎಂದಿದ್ದರೆ ರಿಲೇಯಲ್ಲಿ 8.7 ಇರಬೇಕು. 15ಕ್ಕೇ ಇಟ್ಟರೆ ಮೋಟಾರು ಬೇಯುತ್ತಿದ್ದರೂ ಅದು ಕಡಿಯುವುದಿಲ್ಲ.

ಈ ಮಾತು ಬರೆದುಕೊಳ್ಳುವಾಗ ಕೈ ನಿಂತಿತು. ನಾನು ಕೇಳಿದ್ದು "ಇಡಬೇಕೋ" ಅಂತ. ಅಂದು ರಿವೈಂಡಿಂಗ್ ಮಿಸ್ತ್ರಿ ಕೇಳಿದ್ದೂ "ಎಷ್ಟಕ್ಕೆ ಇಟ್ಟಿದ್ರಿ" ಅಂತಲೇ. ಅಲಾರಂ ಇಡುತ್ತೇವೆ. ಗಡಿಯಾರದಲ್ಲಿ ಟೈಮು ಇಡುತ್ತೇವೆ. ಮದುವೆಗೆ ಮುಹೂರ್ತ ಇಡುತ್ತೇವೆ. ಅಂಕಿಯನ್ನು ಗೊತ್ತು ಮಾಡುವ ಸೆಟ್ಟಿಗೆ ನಮ್ಮ ಪದ ಇಡು. ಅದು ಮೊದಲ ದಿನದಿಂದ ನನ್ನ ಕಿವಿಯಲ್ಲೇ ಇತ್ತು. 71 ಚೀಟಿಗಳಲ್ಲಿ 23 ಚೀಟಿಗಳಿಗೆ ಇಡು ಎಂಬುದೇ ಉತ್ತರವಾಯಿತು.

ಕರಡು ಕಳಿಸಿದ ಹದಿನೈದು ದಿನಕ್ಕೆ ಅದೇ ಎಂಜಿನಿಯರ್ ಮತ್ತೆ ಫೋನು ಮಾಡಿದರು. ಕಂಪನಿ ನನ್ನ ಕನ್ನಡವನ್ನು ಇನ್ನೊಬ್ಬರ ಕೈಯಲ್ಲಿ ವಾಪಸ್ ಇಂಗ್ಲಿಷಿಗೆ ಮಾಡಿಸಿ ನೋಡಿತ್ತಂತೆ. ಒಳ್ಳೆಯ ಪದ್ಧತಿ. ಆದರೆ ಆ ಅನುವಾದ ಪದಕ್ಕೆ ಪದ ಇಟ್ಟ ಹಾಗಿತ್ತು. ಅವರಿಗೆ ಗಾಬರಿ. ಸಿಮೆಂಟು ಏನನ್ನು ಹಿಡಿಯುತ್ತದೆ? ತುಕ್ಕು ಯಾರನ್ನು ಹಿಡಿಯುತ್ತದೆ? ನೀರು ತುಂಬಲು ಹತ್ತು ನಿಮಿಷ ಹಿಡಿಯುತ್ತದೆ ಎಂದರೇನು? ಎಲ್ಲ ಕಡೆ ಒಂದೇ ಪದ ಯಾಕೆ ಹಾಕಿದ್ದೀರಿ?

ಅವರಿಗೆ ನಮ್ಮ ಹಿಡಿ ಎಂಬ ಪದದ ಬಗ್ಗೆ ಹೇಳತೊಡಗಿದೆ. ಮೀನು ಹಿಡಿಯುತ್ತೇವೆ, ಬಸ್ಸು ಹಿಡಿಯುತ್ತೇವೆ. ಮಳೆ ಹಿಡಿದರೆ ಮೂರು ದಿನ ಬಿಡುವುದಿಲ್ಲ. ಮಗು ಹಟ ಹಿಡಿಯುತ್ತದೆ. ನೆಗಡಿ ಹಿಡಿಯುತ್ತದೆ, ಹುಚ್ಚು ಹಿಡಿಯುತ್ತದೆ, ಗ್ರಹಣ ಹಿಡಿಯುತ್ತದೆ. ಚೀಲ ಎಷ್ಟು ಹಿಡಿಯುತ್ತದೆ ಅಂದರೆ ಅದರ ಅಳತೆ. ಕೊಡಲಿಯ ಹಿಡಿ ಮರದ್ದು. ಒಂದು ಹಿಡಿ ಅಕ್ಕಿ ಅಂದರೆ ಮುಷ್ಟಿ ತುಂಬ. ದಾರಿ ಹಿಡಿದು ಹೋಗುತ್ತೇವೆ, ಕೆಲಸ ಹಿಡಿದು ಮುಗಿಸುತ್ತೇವೆ. ಸಂಬಳದಲ್ಲಿ ದುಡ್ಡು ಹಿಡಿದರೆ ಕಡಿತ. ಹುಡುಗಿ ಹಿಡಿಸಿದಳು ಅಂದರೆ ಮೆಚ್ಚುಗೆ. ಹೇಳುತ್ತಾ ಹೇಳುತ್ತಾ ನನಗೇ ಆಶ್ಚರ್ಯ. ಇಷ್ಟು ವರ್ಷ ಬಾಯಲ್ಲಿ ಆಡಿದ ಪದ, ಒಮ್ಮೆಯೂ ನಿಂತು ನೋಡಿರಲಿಲ್ಲ. ಅವರು ಆ ಕಡೆ ಸುಮ್ಮನೆ ಕೇಳುತ್ತಿದ್ದರು. ಆಮೇಲೆ, ನಮ್ಮ ಭಾಷೆಯಲ್ಲೂ ಹೀಗೊಂದು ಪದ ಇದೆ ಅಂತ ಅವರದೇ ಉದಾಹರಣೆ ಕೊಟ್ಟರು. ಆ ದಿನ ಮುಕ್ಕಾಲು ಗಂಟೆ ಮಾತಾಡಿದೆವು. ನನ್ನ ಹಿಡಿಗಳೆಲ್ಲ ಉಳಿದವು.

ಕೈಪಿಡಿ ಆಫ್‌ಸೆಟ್‌ನಲ್ಲಿ ಅಚ್ಚಾಯಿತು. ಅಲ್ಲೂ ಒಂದು ಸೆಟ್! ಪ್ಲೇಟಿನ ಮಸಿ ನೇರವಾಗಿ ಕಾಗದಕ್ಕೆ ತಾಗದೆ, ಮೊದಲು ರಬ್ಬರ್ ಹೊದಿಕೆಗೆ ಇಳಿದು ಅಲ್ಲಿಂದ ಕಾಗದಕ್ಕೆ ಹೋಗುವುದರಿಂದ ಆ ಹೆಸರು. ಮಸಿ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟಿದರೆ ಅದು ಸೆಟ್ ಆಫ್. ಪದ ತಿರುಗಿಸಿದರೆ ಅರ್ಥವೇ ಬೇರೆ. ಅಪ್ಪ ಇದ್ದಿದ್ದರೆ ಅವರಿಗೆ ಈ ಪುಸ್ತಕ ತೋರಿಸಬೇಕಿತ್ತು. ಅವರ ಕೆಲಸಕ್ಕೆ ಇಂಗ್ಲಿಷಿನಲ್ಲಿ ಟೈಪ್‌ಸೆಟ್ಟಿಂಗ್ ಅಂತಾರೆ. ಅವರು ಮಾತ್ರ ಯಾವತ್ತೂ ಮೊಳೆ ಜೋಡಿಸೋದು ಅಂತಲೇ ಹೇಳುತ್ತಿದ್ದರು.

ಈ ಬೇಸಿಗೆಗೆ ಮುಂಚೆ ಮಾವ ಹೊಸ ಸ್ಟಾರ್ಟರ್ ಪೆಟ್ಟಿಗೆ ತಂದರು. ಅದರೊಳಗೆ ನನ್ನ ಕೈಪಿಡಿ ಇತ್ತು. ಭಾನುವಾರ ಪಂಪುಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು 19ನೇ ಪುಟ ಜೋರಾಗಿ ಓದಿದರು.

"ಮೋಟಾರಿನ ಪ್ಲೇಟ್ ನೋಡಿ. ಅಲ್ಲಿ ಎಷ್ಟು ಆಂಪಿಯರ್ ಇದೆಯೋ ಅದನ್ನು 0.58ರಿಂದ ಗುಣಿಸಿ. ಬಂದ ಅಂಕಿಗೆ ರಿಲೇಯ ಮುಳ್ಳನ್ನು ಇಡಿ. ಕಾರ್ಖಾನೆಯಲ್ಲಿ ಇದನ್ನು ಇಟ್ಟಿರುವುದಿಲ್ಲ. ನೀವೇ ಇಡಬೇಕು."

ಮೊಬೈಲಿನಲ್ಲಿ ಗುಣಿಸಿದರು. 8.7 ಬಂತು. ಚಿಕ್ಕ ಸ್ಕ್ರೂಡ್ರೈವರ್ ತೆಗೆದುಕೊಂಡು ಪೆಟ್ಟಿಗೆಯೊಳಗೆ ಬಗ್ಗಿದರು. ಸ್ವಲ್ಪ ಹೊತ್ತು ಹುಡುಕಿ ತಲೆ ಹೊರಗೆ ತೆಗೆದರು.

"ಇಲ್ಲಿ ಮುಳ್ಳೇ ಇಲ್ಲವ್ವ. ತಿರುಗಿಸೋ ಬಿರಡೆ ಐತಿ."

ನಾನೂ ಬಗ್ಗಿ ನೋಡಿದೆ. ನಿಜ. ಬಿರಡೆಯನ್ನು 8.7ರ ಹತ್ತಿರ ತಂದು ನಿಲ್ಲಿಸಿ ಅವರು ಬಾಗಿಲು ಮುಚ್ಚಿದರು. ನಾನು ಬ್ಯಾಗಿನಿಂದ ಪೆನ್ಸಿಲ್ ತೆಗೆದು 19ನೇ ಪುಟದಲ್ಲಿ "ಮುಳ್ಳನ್ನು" ಎಂಬುದನ್ನು ಹೊಡೆದುಹಾಕಿ, ಮೇಲೆ "ಬಿರಡೆಯನ್ನು" ಎಂದು ಬರೆದುಕೊಂಡೆ.